ಮೆನ್ನಾ ಬಿತ್ತಿದ ಮರೆ

ಕುಮ್ ಹೆಲಿಗ್ ಕಣಿವೆಯಲ್ಲಿ ಬೆಬ್ ಮನೆತನದವರದೇ ಹದಿನಾಲ್ಕು ಮನೆ. ಅವರಲ್ಲಿ ಮೂವರ ಹೆಸರು ಇಡ್ವಾಲ್. ಹಾಗಾಗಿ ಜನ ಅವರನ್ನು ಅಂಚೆ ಇಡ್ವಾಲ್, ಗರಗಸದ ಇಡ್ವಾಲ್, ಹಕ್ಕಿ ಇಡ್ವಾಲ್ ಎಂದು ಬೇರೆ ಮಾಡಿಕೊಂಡಿದ್ದರು. ಇದು ಹಕ್ಕಿ ಇಡ್ವಾಲನ ಹೆಂಡತಿ ಮೆನ್ನಾಳ ಕಥೆ.

ಇಡ್ವಾಲ್ ಮೂವತ್ತೊಂದು ವರ್ಷ ಅಲ್ಲಿನ ಬೇಟೆಕೂಟಕ್ಕೆ ಕೀಪರ್ ಆಗಿದ್ದ. ಜುಲೈಯಲ್ಲಿ ಫೆಸೆಂಟ್ ಎಂಬ ಉದ್ದ ಬಾಲದ, ಕಾಡುಕೋಳಿಯಂಥ ಹಕ್ಕಿಯ ಮರಿಗಳನ್ನು ತಂದು ತೋಪಿನ ಬೇಲಿಯೊಳಗೆ ಬಿಟ್ಟು, ನರಿ ಗಿಡುಗಗಳಿಂದ ಕಾದು, ಚಳಿಗಾಲದ ಹೊತ್ತಿಗೆ ಬಲಿತ ಹಕ್ಕಿಗಳನ್ನಾಗಿ ಮಾಡುವುದು ಅವನ ಕೆಲಸ. ನವೆಂಬರಿನಿಂದ ಜನವರಿ ಕೊನೆಯವರೆಗೆ ಹದಿನೈದು ದಿನಕ್ಕೊಂದು ಶನಿವಾರ ಬೇಟೆ. ಕೋವಿಯವರು ಕೆಳಗೆ ಸಾಲಾಗಿ ನಿಲ್ಲುತ್ತಾರೆ, ಸೋವುವವರು ಮೇಲಿನಿಂದ ಕೋಲು ಬಡಿಯುತ್ತ ಬರುತ್ತಾರೆ, ಹಕ್ಕಿ ಏಳುತ್ತದೆ. ಏಳಬೇಕಾದರೆ ಅದು ಮೊದಲು ಅಲ್ಲಿ ಇರಬೇಕಲ್ಲ? ಇರುವ ಹಾಗೆ ಮಾಡುವುದು ಬೆಳೆ. ಹೊಟ್ಟೆಗೆ ಕಾಳು, ತಲೆಯ ಮೇಲೆ ಸೂರು, ಕಾಲ ಕೆಳಗೆ ಒಣ ನೆಲ ಕೊಡುವ ಬೆಳೆ. ಅದಕ್ಕೆ ಮರೆ ಬೆಳೆ ಎನ್ನುತ್ತಾರೆ. ಮನುಷ್ಯರು ಕೊಯ್ಯದ ಬೆಳೆ ಅದು. ಬೀಜ ತಪ್ಪಿತೋ, ಹಕ್ಕಿಗಳು ಅಕ್ಟೋಬರಿನಲ್ಲೇ ಬೇಲಿ ನುಸುಳಿ ಪಕ್ಕದವರ ಬೇಟೆನೆಲಕ್ಕೆ ನಡೆದುಬಿಡುತ್ತವೆ. ಫೆಸೆಂಟ್ ಹಾರುವುದಕ್ಕಿಂತ ನಡೆಯುವುದೇ ಹೆಚ್ಚು.

ಇಡ್ವಾಲನ ಬೀಜ ತಪ್ಪುತ್ತಿರಲಿಲ್ಲ. ಯಾವ ವರ್ಷ ಯಾವ ಹೊಲಕ್ಕೆ ಏನು ಅನ್ನುವುದೆಲ್ಲ ಅವನ ತಲೆಯಲ್ಲಿತ್ತು, ಕಾಗದದ ಮೇಲೆ ಒಂದಕ್ಷರ ಇರಲಿಲ್ಲ. ಮೆನ್ನಾ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಡುಗೆ ಮಾಡಿದವಳು. ಬೇಟೆಯ ದಿನ ತನ್ನ ಸ್ಪೇನಿಯಲ್ ನಾಯಿ ಬ್ರಿಯಾರ್ ಜೊತೆ ಕೋವಿಯವರ ಹಿಂದೆ ದೂರದಲ್ಲಿ ನಿಂತು, ಬಿದ್ದ ಹಕ್ಕಿಗಳನ್ನು ಹುಡುಕಿ ತರುವುದು ಅವಳ ಪಾಲಿನ ಕೆಲಸ. ಬೆಳೆಯೊಳಗೆ ಅವಳು ಕಾಲಿಟ್ಟವಳೇ ಅಲ್ಲ.

ಆ ವರ್ಷ ಫೆಬ್ರವರಿಯಲ್ಲಿ, ಬೇಟೆಯ ಕಾಲ ಮುಗಿದ ಎರಡನೆಯ ವಾರ, ಇಡ್ವಾಲ್ ಕೊಟ್ಟಿಗೆಯಲ್ಲಿ ಕಾಳಿನ ಡ್ರಮ್ಮು ತೊಳೆಯುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಲಕ್ವ. ಬಲಗೈ ಬಲಗಾಲು ಹೋದವು. ಆರು ವಾರದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲು ಅಷ್ಟಿಷ್ಟು ಮರಳಿತ್ತು, ಊರುಗೋಲು ಹಿಡಿದು ಅಡುಗೆಮನೆ ದಾಟುತ್ತಿದ್ದ. ಮಾತು ಮಾತ್ರ ಮರಳಲಿಲ್ಲ. ಎದುರಿನವರು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಹೇಳಬೇಕಾದ್ದೂ ಒಳಗೆ ಇತ್ತು. ಬಾಯಿಗೆ ಬರುವ ಹೊತ್ತಿಗೆ ಮಾತ್ರ ಎಲ್ಲವೂ ಒಂದೇ ಮಾತಾಗಿ ಹೊರಡುತ್ತಿತ್ತು: "ಮಂಗಳವಾರ."

ಟೀ ಬೇಕಾದರೆ ಮಂಗಳವಾರ. ನಾಯಿಯನ್ನು ಹೊರಗೆ ಬಿಡು ಅನ್ನುವುದಕ್ಕೂ ಮಂಗಳವಾರ. ಪಕ್ಕದ ಜಮೀನಿನ ಟ್ಯೂಡರ್ ಗಿಟ್ಟಿನ್ಸ್ ನೋಡಲು ಬಂದವನು, ಅಳು ನುಂಗಿಕೊಳ್ಳಲೆಂದೇ ಏನೋ, ತಮಾಷೆ ಮಾಡಿದ: "ಯಾವ ಮಂಗಳವಾರ ಅಂತ ಹೇಳು ಮಾರಾಯ. ನಂಗೆ ಕುರಿ ಮರಿ ಹಾಕೋ ಕಾಲ, ಮುಂದಿನ ಮಂಗಳವಾರ ಪುರಸತ್ತಿಲ್ಲ." ಇಡ್ವಾಲ್ ನಕ್ಕ, ಮುಖದ ಅರ್ಧದಲ್ಲಿ. ಮನೆಗೆ ಬಂದ ಮೇಲೆ ಅದೇ ಮೊದಲ ನಗು.

ಏಪ್ರಿಲ್ ಮೊದಲ ವಾರ ಬೇಟೆಕೂಟದ ಮುಖ್ಯಸ್ಥ ಕಾರ್ಫೀಲ್ಡ್ ಬಂದರು. ಪೇಟೆಯಲ್ಲಿ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು, ಮೆಲುಮಾತಿನವರು. ಕೈಯಲ್ಲಿ ಹೂವಿನ ಕುಂಡ ಹಿಡಿದುಕೊಂಡೇ ಕೂತು ಅದನ್ನು ಇಡುವುದಕ್ಕೂ ಮರೆತರು. ವಿಷಯ ಇಷ್ಟೇ: ಹೊಸ ಕೀಪರ್ ಬೇಕು. ಮೆನ್ನಾ, ಇಡ್ವಾಲ್ ವಾಸವಿದ್ದದ್ದು ಕೂಟದವರು ಕೀಪರನಿಗೆಂದು ಕೊಟ್ಟ ಮನೆ. ಆ ಎರಡನೆಯ ಮಾತನ್ನು ಕಾರ್ಫೀಲ್ಡ್ ಆಡಲಿಲ್ಲ. ಆಡದೆ ಇದ್ದುದೇ ಮೆನ್ನಾಗೆ ಚೆನ್ನಾಗಿ ಕೇಳಿಸಿತು.

"ಈ ಒಂದು ವರ್ಷ ನಾನು ನೋಡ್ಕೋತೀನಿ," ಎಂದಳು.

"ಮಿಸೆಸ್ ಬೆಬ್, ಮರಿ ಸಾಕೋದು ನಿಮಗೆ ಗೊತ್ತು, ನಾನು ಕಂಡಿದೀನಿ. ಆದ್ರೆ ಬೆಳೆ? ಈ ತಿಂಗಳೊಳಗೆ ಬೀಜ ಹೇಳ್ಬೇಕಲ್ಲ."

"ಹೇಳ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು. ಅವರು ಹೋದ ಮೇಲೆ ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದಳು.

ಬೀಜದ ವ್ಯಾಪಾರಿ ಒಳ್ಳೆಯವನೇ. ಫೋನಿನಲ್ಲಿ ಎರಡು ನಿಮಿಷದಲ್ಲಿ ಪರಿಹಾರ ಕೊಟ್ಟ: ಮೂರು ಹೊಲಕ್ಕೂ ಮೆಕ್ಕೆಜೋಳ ಹಾಕಿ, ಹಕ್ಕಿ ಬಿಟ್ಟು ಹೋಗೋದಿಲ್ಲ, ತಲೆನೋವಿಲ್ಲ. ಮೆನ್ನಾಗೆ ಆಸೆಯಾಯಿತು. ಆದರೆ ಇಡ್ವಾಲ್ ಮೂರೂ ಹೊಲಕ್ಕೆ ಒಂದೇ ಬೀಜ ಹಾಕಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಯಾಕೆ ಎಂದು ಮೂವತ್ತೊಂದು ವರ್ಷದಲ್ಲಿ ಒಮ್ಮೆಯಾದರೂ ಕೇಳಬಹುದಿತ್ತು.

ಕೊಟ್ಟಿಗೆಯ ಅಟ್ಟದ ಮೇಲೆ ಅವನ ಹಳೆಯ ಹೊಗೆಸೊಪ್ಪಿನ ಡಬ್ಬಿಗಳಿದ್ದವು, ಒಂದೊಂದರಲ್ಲಿ ಒಂದೊಂದು ಬೀಜ, ಹೆಸರು ಬರೆದಿರಲಿಲ್ಲ. ಮೆಕ್ಕೆಜೋಳ, ಸೂರ್ಯಕಾಂತಿ ನೋಡಿದರೇ ತಿಳಿಯುತ್ತದೆ. ಬರಗನ್ನು ಪಂಜರದ ಹಕ್ಕಿಗೆ ಹಾಕುವ ಕಾಳು ಎಂದು ಗುರುತಿಸಿದಳು. ಕಡ್ಡಿಯ ಚೂರಿನಂತಿದ್ದದ್ದು ಚಿಕೋರಿ ಎಂದು ಟ್ಯೂಡರ್ ಹೇಳಿದ, ಕಾಫಿಗೆ ಬೇರು ಬೆರೆಸುತ್ತಾರಲ್ಲ, ಅದೇ. ಕಡೆಯ ಎರಡು ಡಬ್ಬಿ ಮಾತ್ರ ಅವಳನ್ನು ಸೋಲಿಸಿದವು. ಎರಡರಲ್ಲೂ ಕರಿಗೆಂಪು ಬಣ್ಣದ ಸಣ್ಣ ಗುಂಡುಕಾಳು. ಒಂದು ಕೇಲ್, ಅಂದರೆ ಗಡ್ಡೆ ಕಟ್ಟದೆ ಎಲೆ ಬಿಟ್ಟುಕೊಂಡು ಎದೆಯೆತ್ತರ ನಿಲ್ಲುವ ಕೋಸು. ಇನ್ನೊಂದು ಸಾಸಿವೆ. ಯಾವುದು ಯಾವುದು? ಅಡುಗೆಯವಳಲ್ಲವೆ, ಎರಡನ್ನೂ ಹಲ್ಲಿನಲ್ಲಿ ಕಡಿದು ನೋಡಿದಳು. ಖಾರ ಮೂಗಿಗೆ ಹತ್ತಿದ್ದು ಸಾಸಿವೆ.

ಮರುದಿನ ಬೆಳಿಗ್ಗೆ ತಿಂಡಿಯ ತಟ್ಟೆ ತೆಗೆದ ಮೇಲೆ ಮೇಜಿನ ಮೇಲೆ ಹಿಟ್ಟು ಉದುರಿಸಿ, ಹಾಳೆಯಂತೆ ಹರಡಿದಳು. ಬೆರಳಿನಿಂದ ಕಣಿವೆ ಬರೆದಳು. ಇಲ್ಲಿ ತೊರೆ, ಇಲ್ಲಿ ತೋಪು. ತೋಪಿನ ಪಕ್ಕದ ತಗ್ಗು ಪಟ್ಟಿ ಮೊದಲನೆಯ ಹೊಲ. ನಡುವಿನಲ್ಲಿ ಹಳೇ ಪ್ರಾರ್ಥನಾಮಂದಿರದ ಹಿಂದಿನ ಹೊಲ ಎರಡನೆಯದು. ಗಾಳಿ ಬೀಸುವ ಮೇಲಿನ ದಿಣ್ಣೆ ಮೂರನೆಯದು. ಇಡ್ವಾಲ್ ಎಡಗೈ ಚಾಚಿ ತೊರೆಯ ದಾರಿಯನ್ನು ಒಂದು ಅಂಗುಲ ಪಕ್ಕಕ್ಕೆ ಸರಿಸಿ ಬರೆದ.

ಮೆನ್ನಾ ಡಬ್ಬಿಗಳನ್ನು ಬಿಚ್ಚಿ ಸಾಲಾಗಿಟ್ಟು, "ಎಲ್ಲಿಗೆ ಯಾವ್ದು? ನಿಂಗೆ ಬೇಕಾದ ಕಡೆ ಇಡು," ಎಂದಳು.

ಅವನ ಬಾಯಿ ಕಳೆದುಕೊಂಡದ್ದನ್ನು ಬೆರಳು ಕಳೆದುಕೊಂಡಿರಲಿಲ್ಲ. ತಗ್ಗು ಪಟ್ಟಿಗೆ ಮೆಕ್ಕೆಜೋಳದ ಮೂರು ಕಾಳು, ಅದರ ಅಂಚಿಗೆ ಬರಗು. ಮಂದಿರದ ಹೊಲಕ್ಕೆ ಕೇಲ್. ಮೇಲಿನ ದಿಣ್ಣೆಗೆ ಏನೂ ಇಡಲಿಲ್ಲ. ಮೆನ್ನಾ ಅಲ್ಲಿ ಮೆಕ್ಕೆಜೋಳ ಇಟ್ಟಳು, ತೆಗೆದ. ಸೂರ್ಯಕಾಂತಿ ಇಟ್ಟಳು, ಅದನ್ನೂ ತೆಗೆದ. ದಿಣ್ಣೆಯಲ್ಲಿ ಕಳೆದ ವರ್ಷದ ಕೇಲ್ ಇನ್ನೂ ನಿಂತಿತ್ತು, ಎಲೆ ಹಳದಿಯಾಗಿ, ಕಾಂಡ ಬೋಳಾಗಿ, ಭಿಕ್ಷುಕರ ಗುಂಪಿನ ಹಾಗೆ. ಅದನ್ನು ಉಳುವುದೆಂದೇ ಅವಳ ಲೆಕ್ಕ. ನಾಲ್ಕನೆಯ ಸಲ ಬೀಜ ತೆಗೆದಾಗ ಹೊಳೆಯಿತು.

"ಇದ್ದದ್ದು ಇರ್ಲಿ ಅಂತೀಯಾ? ಹೂ ಬಿಟ್ಟು ಬೀಜ ಆಗೋ ತನಕ?"

"ಮಂಗಳವಾರ," ಎಂದ ಇಡ್ವಾಲ್. ಅದು ಹೌದು ಎಂಬ ಮಂಗಳವಾರ.

ಅಲ್ಲಿಗೆ ಮುಗಿಯಿತೆಂದು ಅವಳು ಹಿಟ್ಟು ಒರೆಸಲು ಬಟ್ಟೆ ತೆಗೆದುಕೊಂಡಳು. ಅವನು ಅವಳ ಮಣಿಕಟ್ಟು ಹಿಡಿದ. ಮಂದಿರದ ಹೊಲದ ಕೆಳಮೂಲೆಯಲ್ಲಿ ಬೆರಳಿಟ್ಟು ಒಂದು ಗೆರೆ ಎಳೆದ. ಆ ಮೂಲೆಯೊಳಗಿದ್ದ ಕೇಲ್ ಕಾಳುಗಳನ್ನು ಒಂದೊಂದಾಗಿ ಹೊರಗೆ ತಳ್ಳಿದ. ಬೇರೆ ಬೀಜ ಬೇಕೆ? ಅಲ್ಲ. ಸೋವುವವರಿಗೆ ದಾರಿಯೆ? ಅಲ್ಲ. ನೀರು ನಿಲ್ಲುತ್ತದೆಯೆ? ಹೌದು, ಆದರೆ ಅದಲ್ಲ. ಮತ್ತೆ ಮತ್ತೆ ಅದೇ ಗೆರೆ. ಅವಳಿಗೆ ತಿಳಿಯಲಿಲ್ಲ, ಅವನಿಗೆ ಹೇಳಲಾಗಲಿಲ್ಲ. ಕೊನೆಗೆ ಅವನು ಮೇಜಿಗೆ ಗುದ್ದಿದ ರಭಸಕ್ಕೆ ಡಬ್ಬಿಗಳು ಉರುಳಿ, ಮೂವತ್ತೊಂದು ವರ್ಷದ ಬೀಜವೆಲ್ಲ ನೆಲದ ಕಲ್ಲುಗಳ ಸಂದಿಯಲ್ಲಿ ಹರಡಿತು. ಬ್ರಿಯಾರ್ ಹೆದರಿ ಬಾಗಿಲ ಹೊರಗೆ ಓಡಿತು. ಇಡ್ವಾಲ್ ಮುಖ ಮುಚ್ಚಿಕೊಂಡು ಅತ್ತ, ಒಂದೇ ಕೈಯಲ್ಲಿ.

ಮೆನ್ನಾ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಪೊರಕೆಯನ್ನೂ ತರಲಿಲ್ಲ. ಮೊಣಕಾಲೂರಿ ನೆಲದ ಮೇಲೆ ಕೂತು, ಬೀಜ ಆರಿಸತೊಡಗಿದಳು, ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ. ಸ್ವಲ್ಪ ಹೊತ್ತಿಗೆ ಅವನೂ ಕುರ್ಚಿಯಿಂದ ಬಗ್ಗಿ, ಕೈಗೆ ಸಿಕ್ಕಷ್ಟನ್ನು ಆರಿಸಿ ಅವಳ ಏಪ್ರನ್ನಿಗೆ ಹಾಕಿದ. ಅಂದು ಮಧ್ಯಾಹ್ನದ ಅಡುಗೆ ತಡವಾಯಿತು.

ಬೀಜ ಬಂತು. ಮೇ ತಿಂಗಳ ಮಧ್ಯದಲ್ಲಿ ತಗ್ಗು ಪಟ್ಟಿಗೆ ಮೆಕ್ಕೆಜೋಳ, ಬರಗು ಬಿದ್ದವು. ತಿಂಗಳ ಕೊನೆಗೆ ಟ್ಯೂಡರ್ ತನ್ನ ಟ್ರ್ಯಾಕ್ಟರಿಗೆ ನೇಗಿಲು ಕಟ್ಟಿಕೊಂಡು ಮಂದಿರದ ಹೊಲಕ್ಕೆ ಬಂದ. ಮಣ್ಣು ಹದವಾಗಿತ್ತು, ಬಿಸಿಲಿತ್ತು. ಮೆನ್ನಾ ಗಂಡನನ್ನು ವ್ಯಾನಿನಲ್ಲಿ ಕೂರಿಸಿ, ಕಿಟಕಿ ಇಳಿಸಿ, ಬೇಲಿಯ ಹತ್ತಿರ ನಿಲ್ಲಿಸಿದ್ದಳು. ಕೆಳಮೂಲೆಯ ಗುಟ್ಟು ಬಿಡಿಸಲಾಗದೆ, ನೀರು ನಿಲ್ಲುವ ಒಂದಿಷ್ಟು ಜಾಗ ಬಿಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಟ್ಯೂಡರನಿಗೆ ಮಾತ್ರ ಚೂರು ನೆಲ ಬಿಡುವುದೆಂದರೂ ಜೀವ ಹೋದ ಹಾಗೆ. ಈ ವರ್ಷ ಅಲ್ಲೂ ಒಣಗಿದೆ, ಜೊಂಡು ಸೇರಿಸಿ ಉತ್ತುಬಿಡೋಣ ಎಂದ. ಆಗಲಿ ಎಂದಳು.

ಟ್ರ್ಯಾಕ್ಟರು ಆ ಕಡೆ ತಿರುಗಿದ್ದೇ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಇಡ್ವಾಲ್ ಇಳಿದಿದ್ದ. ಒಬ್ಬನೇ. ಉಳುಮೆಯ ಹೆಂಟೆಗಳ ಮೇಲೆ ಊರುಗೋಲು ಊರುತ್ತ, ಬಲಗಾಲನ್ನು ಚೀಲದ ಹಾಗೆ ಎಳೆದುಕೊಂಡು, ನೇರ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತುಬಿಟ್ಟ. ಟ್ಯೂಡರ್ ಬ್ರೇಕು ಒತ್ತಿ, ಎಂಜಿನ್ ನಿಲ್ಲಿಸಿ, ಕೆಳಗಿಳಿದ. ಮೆನ್ನಾ ಓಡಿ ಬಂದಳು.

"ಏನಾಯ್ತೋ? ಬಿದ್ದಿದ್ರೆ ಏನ್ ಗತಿ?" ಎಂದಳು.

ಇಡ್ವಾಲ್ ಬಾಯಿ ತೆರೆದ. ಮಂಗಳವಾರ ಬರುತ್ತದೆಂದು ಅವನಿಗೂ ಗೊತ್ತಿತ್ತು, ಅದಕ್ಕೆ ಬಾಯಿ ಮುಚ್ಚಿದ. ತುಟಿ ಕೂಡಿಸಿ ಊದಿದ. ಮೊದಲು ಬರೀ ಗಾಳಿ, ಎಂಜಲು. ಮತ್ತೆ ಊದಿದ. ಸೊಟ್ಟ ತುಟಿಯ ಒಂದು ಮೂಲೆಯಿಂದ ಸಿಳ್ಳೆ ಹೊರಟಿತು, ಕೆಳಗಿನಿಂದ ಎದ್ದು ಮೇಲೆ ಹೋಗಿ ಅಲ್ಲೇ ನಡುಗುವ, ನೀರು ಕುದಿದಂಥ ಸಿಳ್ಳೆ. ಅದು ಯಾವ ಹಕ್ಕಿ ಎಂದು ಆ ಕಣಿವೆಯಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕರ್ಲ್ಯೂ. ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕಿನ, ಕಂದು ಬಣ್ಣದ ಹಕ್ಕಿ. ಚಳಿಗಾಲ ಕಡಲತೀರದಲ್ಲಿ ಕಳೆದು ಮೊಟ್ಟೆಯಿಡಲು ಬೆಟ್ಟಕ್ಕೆ ಬರುತ್ತದೆ. ಮೆನ್ನಾ ಹುಡುಗಿಯಾಗಿದ್ದಾಗ ಪ್ರತಿ ಹೊಲದಲ್ಲೂ ಕೂಗುತ್ತಿತ್ತು. ಈಗ ಕೇಳಿ ವರ್ಷಗಳಾಗಿದ್ದವು.

ಜೊಂಡಿನೊಳಗಿಂದ, ಅವರಿಂದ ಹದಿನೈದು ಹೆಜ್ಜೆ ದೂರದಲ್ಲಿ, ಒಂದು ತಲೆ ಎದ್ದು ನೋಡಿತು. ಆಮೇಲೆ ಹಕ್ಕಿ ಮೇಲೆದ್ದು, ಕೂಗುತ್ತ ಅವರ ತಲೆಯ ಸುತ್ತ ಹಾರತೊಡಗಿತು.

ಟ್ಯೂಡರ್ ಟೋಪಿ ತೆಗೆದ. "ಹೋದ ವರ್ಷಾನೂ ಇತ್ತಾ?" ಎಂದು ಕೇಳಿದ. ಇಡ್ವಾಲ್ ಎಡಗೈಯ ಐದು ಬೆರಳು ತೋರಿಸಿದ. ಮಡಿಸಿದ. ಮತ್ತೆ ಐದು ತೋರಿಸಿದ. ಮತ್ತೆ ಒಂದು.

ಹನ್ನೊಂದು ವರ್ಷದಿಂದ ಅದೇ ಮೂಲೆಗೆ ಬರುತ್ತಿದ್ದ ಜೋಡಿ. ಇಡ್ವಾಲ್ ಯಾರಿಗೂ ಹೇಳದೆ, ನೀರು ನಿಲ್ಲುತ್ತದೆ ಎಂಬ ನೆಪ ಇಟ್ಟುಕೊಂಡು, ಆ ಮೂಲೆಯನ್ನು ಬಿಟ್ಟುಕೊಂಡೇ ಬಂದಿದ್ದ. ಹೇಳಿದರೆ ನೋಡಲು ಜನ ಬರುತ್ತಾರೆ, ಜನ ಬಂದರೆ ಹಕ್ಕಿ ಹೋಗುತ್ತದೆ ಎಂದುಕೊಂಡಿರಬೇಕು. ಹೆಂಡತಿಗೂ ಹೇಳಿರಲಿಲ್ಲ ಎಂಬುದು ಮೆನ್ನಾಗೆ ಒಂದು ಕ್ಷಣ ಚುಚ್ಚಿತು. ಮರುಕ್ಷಣವೇ, ಮೊದಲು ಹೇಳಿದ್ದು ನನಗೇ ಅಲ್ಲವೆ, ಹಿಟ್ಟಿನ ಮೇಲೆ, ನನಗೇ ಓದಲು ಬರಲಿಲ್ಲ ಎನ್ನಿಸಿ, ಅವನ ತೋಳಿಗೆ ತೋಳು ಕೊಟ್ಟು ವ್ಯಾನಿನ ತನಕ ನಡೆಸಿಕೊಂಡು ಹೋದಳು. ಟ್ಯೂಡರ್ ಹೇಳಿಸಿಕೊಳ್ಳದೆಯೇ ನಲವತ್ತು ಹೆಜ್ಜೆ ಈಚೆಗೆ ಕೋಲು ನೆಟ್ಟು, ಅಲ್ಲಿಂದ ಈಚೆಗಷ್ಟೇ ಉತ್ತು ಬಿತ್ತಿದ.

ಕೇಲ್ ಮೊಳೆತದ್ದು ಚೆನ್ನಾಗಿಯೇ. ಆದರೆ ಜೂನ್ ಪೂರ್ತಿ ಒಂದು ಹನಿ ಮಳೆಯಿಲ್ಲ. ಒಣಬಿಸಿಲಿಗೆ ಎಲೆ ಕೊರೆಯುವ ಕರಿಹುಳ ಬಂತು, ಎಳ್ಳಿನಷ್ಟೇ ಗಾತ್ರ, ಮುಟ್ಟಿದರೆ ಚಿಗಟದ ಹಾಗೆ ನೆಗೆಯುವಂಥದು. ಮೆನ್ನಾ ದಿನಾ ಬೆಳಿಗ್ಗೆ ಹೋಗಿ ಬಗ್ಗಿ ನೋಡುತ್ತಿದ್ದಳು. ಮೊದಲ ದಿನ ಎಲೆಯಲ್ಲಿ ಸೂಜಿಯ ತೂತು. ನಾಲ್ಕನೆಯ ದಿನ ಜರಡಿ. ಹತ್ತನೆಯ ದಿನ ಎರಡೂವರೆ ಎಕರೆಯಲ್ಲಿ ಬರೀ ಮಣ್ಣು ಉಳಿಯಿತು, ಅಲ್ಲೊಂದು ಇಲ್ಲೊಂದು ಕಡ್ಡಿ.

ಮತ್ತೆ ಏನು ಬಿತ್ತುವುದು? ಮೇಜಿನ ಮೇಲೆ ಇಡ್ವಾಲ್ ಮತ್ತೆ ಕೇಲ್ ಇಟ್ಟ. ಕೇಲ್ ಬೆಚ್ಚಗಿನ ಬೆಳೆ, ಹಿಮ ಬಿದ್ದರೂ ನಿಲ್ಲುತ್ತದೆ, ಅವನು ಹೇಳುವುದು ಸರಿಯೇ. ಆದರೆ ಜುಲೈ ಹತ್ತಿರವಾಗಿತ್ತು. ಈಗ ಬಿತ್ತಿದ ಕೇಲ್ ನವೆಂಬರಿಗೆ ಮೊಣಕಾಲೆತ್ತರ ಆದರೆ ಹೆಚ್ಚು. ಮೊಲವೂ ಅಡಗಲಾರದು. ಮೆನ್ನಾ ಕೇಲನ್ನು ತೆಗೆದು ಸಾಸಿವೆ ಇಟ್ಟಳು, ಜೊತೆಗೆ ವ್ಯಾಪಾರಿ ಕಳಿಸಿದ್ದ ಮೇವಿನ ಮೂಲಂಗಿ. ಎರಡೂ ಎಂಟು ವಾರದಲ್ಲಿ ಸೊಂಟದೆತ್ತರ ಬೆಳೆಯುತ್ತವೆ. ಅವನು ಸಾಸಿವೆ ತಳ್ಳಿದ, ಕೈಯನ್ನು ಹಿಮ ಬಿದ್ದ ಗಿಡದ ಹಾಗೆ ಜೋಲು ಬಿಟ್ಟು ತೋರಿಸಿದ.

"ಗೊತ್ತು ಕಣೋ, ಹಿಮಕ್ಕೆ ಬೀಳುತ್ತೆ. ಹಿಮ ಬೀಳೋ ತನಕ ನಿಲ್ಲುತ್ತಲ್ಲ! ನಿನ್ನ ಕೇಲ್ ಏಳೋದೇ ಇಲ್ಲ."

"ಮಂಗಳವಾರ!"

"ನಿನ್ ತಲೆ ಮಂಗಳವಾರ. ನಾನು ಸಾಸಿವೇನೇ ಹಾಕ್ಸೋದು."

ಅವನು ಮುಖ ತಿರುಗಿಸಿ ಕೂತ. ಎರಡು ದಿನ ಮುನಿಸು. ಮೆನ್ನಾ ತೊರೆಯ ದಂಡೆಯಲ್ಲಿ ಬಟ್ಟೆ ಹರವುತ್ತ ಒಬ್ಬಳೇ ನಕ್ಕಳು. ಫೆಬ್ರವರಿಯಿಂದ ಅವನನ್ನು ಗಾಜಿನ ಪಾತ್ರೆಯಂತೆ ಎತ್ತಿ ಇಡುತ್ತಿದ್ದಳು. ಜಗಳವಾಡಿದ ಮೇಲೆ ಮನೆಯಲ್ಲಿ ಗಂಡನೊಬ್ಬ ಇದ್ದಾನೆ ಅನ್ನಿಸಿತು.

ಕರ್ಲ್ಯೂ ಮರಿ ಒಂದೇ ಉಳಿದದ್ದು. ಜುಲೈ ಎರಡನೆಯ ವಾರ ಅದು ರೆಕ್ಕೆ ಬಲಿತು ತಂದೆಯ ಜೊತೆ ತೀರದ ಕಡೆ ಹೊರಟ ಮೇಲೆ, ಟ್ಯೂಡರ್ ಮೂಲೆಯ ಜೊಂಡನ್ನು ಹಾಗೇ ಉಳಿಸಿ, ಹೊಲಕ್ಕೆಲ್ಲ ಸಾಸಿವೆ, ಮೂಲಂಗಿ ಬಿತ್ತಿದ. ಮೂರನೆಯ ದಿನ ಮಳೆ ಬಂತು. ಸೆಪ್ಟೆಂಬರಿನಲ್ಲಿ ಇಡೀ ಹೊಲ ಹಳದಿ. ತೋಪಿನಿಂದ ಹೊರಬಿಟ್ಟ ಫೆಸೆಂಟ್ ಮರಿಗಳು ಸಾಲುಹಿಡಿದು ಅದರೊಳಗೆ ಹೊಕ್ಕವು. ಮೆನ್ನಾ ಸಿಳ್ಳೆ ಹಾಕಿ ಕಾಳು ಚೆಲ್ಲಿದರೆ ಕಾಲ ಸುತ್ತ ಮುತ್ತುತ್ತಿದ್ದವು. ಮೇಲಿನ ದಿಣ್ಣೆಯ ಮುದಿ ಕೇಲ್ ಬೀಜ ಉದುರಿಸುತ್ತಿತ್ತು, ಅದರ ಬುಡದಲ್ಲಿ ಕಳೆ ದಟ್ಟವಾಗಿತ್ತು, ಹಕ್ಕಿಗೆ ಅದೂ ಊಟವೇ.

ನವೆಂಬರಿನ ಎರಡು ಬೇಟೆ ಚೆನ್ನಾಗಿ ಆದವು. ಮೆನ್ನಾ ಈಗ ಸೋವುವವರ ಸಾಲಿನ ನಡುವೆ ನಡೆಯುತ್ತಿದ್ದಳು. ಬೆಳೆಯೊಳಗೆ ನಡೆದಾಗಲೇ ಅವಳಿಗೆ ಗೊತ್ತಾದದ್ದು, ಹಕ್ಕಿ ಎಲ್ಲಿ ಓಡುತ್ತದೆ, ಎಲ್ಲಿ ಕೂರುತ್ತದೆ, ಕೊನೆಯ ಸಾಲಿನಲ್ಲಿ ಯಾಕೆ ಒಟ್ಟಿಗೇ ಭುಗಿಲೆದ್ದು ಹಾರುತ್ತದೆ ಎಂದು. ಮುಂದಿನ ವರ್ಷ ಹೊಲದ ಕೊನೆಯಲ್ಲಿ ಗಿಡ್ಡ ಬೆಳೆ ಬೇಕು, ಒಂದೊಂದಾಗಿ ಏಳಲಿ, ಎಂದು ಮನಸ್ಸಿನಲ್ಲೇ ಬರೆದುಕೊಂಡಳು. ಆಮೇಲೆ, ಇಡ್ವಾಲನ ತಲೆಯಲ್ಲೇ ಉಳಿದುಹೋದ ಲೆಕ್ಕ ನೆನಪಾಗಿ, ಮನೆಗೆ ಹೋಗಿ ಕಾಗದದ ಮೇಲೂ ಬರೆದಳು.

ಡಿಸೆಂಬರ್ ಎರಡನೆಯ ವಾರ ನಾಲ್ಕು ದಿನ ಸತತ ಹೆಪ್ಪುಗಟ್ಟುವ ಚಳಿ. ಇಡ್ವಾಲ್ ಕೈ ಜೋಲು ಬಿಟ್ಟು ತೋರಿಸಿದ್ದ ಹಾಗೇ ಆಯಿತು. ಸಾಸಿವೆ ನೆಲಕ್ಕೆ ಮಲಗಿತು, ಮೂಲಂಗಿಯ ಎಲೆ ಕಪ್ಪಾಗಿ ಕೊಳೆಯಿತು. ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ, ವರ್ಷದ ದೊಡ್ಡ ಬೇಟೆ, ಮಂದಿರದ ಹೊಲದಿಂದ ಎದ್ದದ್ದು ಏಳೇ ಹಕ್ಕಿ. ಒಂಬತ್ತು ಕೋವಿಯವರು ಆಕಾಶ ನೋಡುತ್ತ ನಿಂತಿದ್ದರು. ಕಾರ್ಫೀಲ್ಡ್ ಹತ್ತಿರ ಬಂದು, ಚಳಿ ಹಾಗಿತ್ತು, ಯಾರೇನು ಮಾಡೋಕಾಗುತ್ತೆ ಎಂದರು. ಆ ದಯೆಯೇ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಇಡ್ವಾಲನ ಎದುರು ಕೂತಳು. "ನೀನೇ ಗೆದ್ದೆ. ಆಡಿಕೊ," ಎಂದಳು. ಅವನು ಆಡಿಕೊಳ್ಳಲಿಲ್ಲ. ಎಡಗೈಯಿಂದ ಅವಳ ಬೂಟಿನ ದಾರ ಬಿಚ್ಚಿದ. ಒಂದು ಕೈಯಲ್ಲಿ ಬಿಚ್ಚುವುದು ಸುಲಭವಲ್ಲ, ಎರಡು ಬೂಟಿಗೆ ಕಾಲು ಗಂಟೆ ಹಿಡಿಯಿತು. ಅವಳು ಕಾಲು ಚಾಚಿಕೊಂಡು ಕೂತೇ ಇದ್ದಳು.

ಬೆಟ್ಟದಾಚೆ ಒಬ್ಬ ಕ್ರಿಸ್‌ಮಸ್ ಮರ ಬೆಳೆದು ಮಾರುವವನಿದ್ದ. ಹಬ್ಬ ಮುಗಿದ ಮೇಲೆ ಅವನಲ್ಲಿ ಮಾರಾಟವಾಗದೆ ಉಳಿದ ಮರಗಳು, ಕತ್ತರಿಸಿದ ಟೊಂಗೆಗಳು ರಾಶಿ ಬಿದ್ದಿರುತ್ತವೆ, ಸುಡುತ್ತಾನೆ. ಹಬ್ಬದ ಮರುದಿನವೇ ಮೆನ್ನಾ ಅಲ್ಲಿಗೆ ಹೋಗಿ ಕೇಳಿದಳು. ಅವನು ಸುಡುವ ಕೆಲಸ ತಪ್ಪಿತೆಂದು ಸಂತೋಷದಿಂದ ಕೊಟ್ಟ. ಟ್ಯೂಡರನ ಟ್ರೇಲರಿನಲ್ಲಿ ಒಂಬತ್ತು ಸಲ ಹೊತ್ತು ತಂದು, ಮಲಗಿದ ಸಾಸಿವೆಯ ನಡುನಡುವೆ ಗುಡಿಸಲಿನ ಹಾಗೆ ಒರಗಿಸಿ ನಿಲ್ಲಿಸಿದರು. ಒಳಗೆ ಒಣಹುಲ್ಲು ಹರಡಿ, ಗೋಧಿ ಚೆಲ್ಲಿದರು. ಇದು ಇಡ್ವಾಲ್ ಎಂದೂ ಮಾಡದ ಕೆಲಸ. ವ್ಯಾನಿನ ಕಿಟಕಿಯಿಂದ ನೋಡುತ್ತಿದ್ದವನು, ಎರಡು ಗುಡಿಸಲು ತೀರ ಹತ್ತಿರವಾಯಿತೆಂದು ಊರುಗೋಲಿನಿಂದ ತೋರಿಸಿದ. ಅಷ್ಟೇ ತಕರಾರು. ಮೆನ್ನಾ ಒಂದನ್ನು ಸರಿಸಿದಳು.

ಜನವರಿ ಮಧ್ಯಕ್ಕೆ ಹಕ್ಕಿಗಳು ಮರಳಿದ್ದವು. ಎಲ್ಲವೂ ಅಲ್ಲ, ಸಾಕಷ್ಟು.

ಕೊನೆಯ ಬೇಟೆಯ ದಿನ ಅವಳು ಗಂಡನಿಗೆ ಕೆಲಸ ಕೊಟ್ಟಳು. ಸೋವು ನಡೆಯುವಾಗ ಹಕ್ಕಿಗಳು ಬೇಲಿಯ ಸಂದಿಯಿಂದ ಪಕ್ಕಕ್ಕೆ ನುಸುಳದಂತೆ ಒಬ್ಬರು ಅಲ್ಲಿ ನಿಂತು, ಕೋಲಿನಿಂದ ಮೆಲ್ಲಗೆ ಕಂಬಕ್ಕೆ ತಟ್ಟುತ್ತಿರಬೇಕು. ಮಾತಾಡುವ ಕೆಲಸವಲ್ಲ ಅದು, ಮಾತಾಡಲೇಬಾರದ ಕೆಲಸ. ಇಡ್ವಾಲ್ ಸ್ಟೂಲಿನ ಮೇಲೆ ಕೂತು, ಕೋಟಿನ ಕಾಲರು ಎತ್ತಿಕೊಂಡು, ಒಂದೂವರೆ ಗಂಟೆ ಎಡಗೈಯಲ್ಲಿ ತಟ್ಟಿದ. ಆ ಕಡೆಯಿಂದ ಒಂದು ಹಕ್ಕಿಯೂ ತಪ್ಪಿಸಿಕೊಳ್ಳಲಿಲ್ಲ. ಊಟಕ್ಕೆ ಕೂತಾಗ ಕಾರ್ಫೀಲ್ಡ್ ಎದ್ದು ನಿಂತು, ಮುಂದಿನ ವರ್ಷಕ್ಕೂ ಕೀಪರ್ ಮಿಸೆಸ್ ಬೆಬ್ ಅವರೇ ಎಂದು ಕೂಟ ತೀರ್ಮಾನಿಸಿದೆ ಎಂದರು. ಮೆನ್ನಾ ಅಡುಗೆಯವರಿಗೆ ಸಹಾಯ ಮಾಡುತ್ತ ಸಾರಿನ ಸೌಟು ಹಿಡಿದು ನಿಂತಿದ್ದಳು. ಸರಿ, ಆದರೆ ದಿಣ್ಣೆಗೆ ಮೆಕ್ಕೆಜೋಳ ಕೇಳಬೇಡಿ, ಗಾಳಿಗೆ ನಿಲ್ಲೋದಿಲ್ಲ, ಎಂದಳು. ಎಲ್ಲರೂ ನಕ್ಕರು. ಅವಳು ನಿಜವಾಗಿಯೇ ಹೇಳಿದ್ದಳು.

ಇಡ್ವಾಲ್ ಆಮೇಲೆ ಆರು ವರ್ಷ ಬದುಕಿದ. ಮಾತು ಪೂರ್ತಿ ಬರಲಿಲ್ಲ. ಮೂರನೆಯ ವರ್ಷ ನಾಯಿಯ ಹೆಸರು ಬಂತು, ನಾಲ್ಕನೆಯ ವರ್ಷ ಅವಳದು. ದಿಣ್ಣೆಗೆ ಅವರು ಕೊನೆಗೆ ಚಿಕೋರಿ ಹಾಕಿದರು. ಒಮ್ಮೆ ಬಿತ್ತಿದರೆ ಐದು ವರ್ಷ ಏಳುತ್ತಲೇ ಇರುವ ಗಿಡ, ಗಾಳಿಗೆ ಬಗ್ಗುತ್ತದೆ, ಮುರಿಯುವುದಿಲ್ಲ. ಅದು ಯಾರು ಆರಿಸಿದ್ದು ಎಂದು ಇಬ್ಬರಿಗೂ ನೆನಪಿರಲಿಲ್ಲ.

ಅವನು ತೀರಿಕೊಂಡದ್ದು ಅಕ್ಟೋಬರಿನ ಒಂದು ಸಂಜೆ, ಕುರ್ಚಿಯಲ್ಲಿ ಕೂತಂತೆಯೇ. ಮರುದಿನ ಬೆಳಗಾಗುವಾಗ ಟ್ಯೂಡರ್ ಮಂಜಿನಲ್ಲಿ ನಡೆದು ಬಂದು ಬಾಗಿಲು ತಟ್ಟಿದ. ಕಣ್ಣು ಕೆಂಪಾಗಿತ್ತು. ಹಕ್ಕಿಗಳಿಗೆ ಕಾಳು ನಾನು ಹಾಕಿ ಬರ್ತೀನಿ, ನೀನು ಮನೇಲಿರು ಎಂದ.

ಮೆನ್ನಾ ಆಗಲೇ ಕೋಟು ಹಾಕಿಕೊಂಡು, ಕಾಳಿನ ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಅವಕ್ಕೆ ನನ್ನ ಸಿಳ್ಳೆ ಅಭ್ಯಾಸ," ಎಂದಳು. "ಬರೋದಾದ್ರೆ ಬಾ. ಇನ್ನೊಂದು ಚೀಲ ಇದೆ, ಎತ್ಕೊ."

ಇಬ್ಬರೂ ಮಂದಿರದ ಹೊಲದ ಕಡೆ ನಡೆದರು.